ಕಣ್ಣಿನ ಫ್ಲೋಟರ್ಸ್‌ಗೆ ಲೇಸರ್ ಮಾಡಿಸೋ ಮುಂಚೆ ದಯವಿಟ್ಟು ಇದನ್ನ ಓದಿ

ಕಣ್ಣ ಮುಂದೆ ಕಪ್ಪು ಚುಕ್ಕಿ, ಎಳೆ, ಕೂದಲು ಥರದ್ದು ಓಡಾಡುತ್ತೆ ಅಂತ ನಿಮಗೋ ಮನೇಲಿ ಯಾರಿಗೋ ಇದ್ದು, "ಫ್ಲೋಟರ್ಸ್‌ಗೆ ಲೇಸರ್, ನೋವಿಲ್ಲ, ಹತ್ತೇ ನಿಮಿಷ, ಅವತ್ತೇ ಮನೆಗೆ" ಅನ್ನೋ ಜಾಹೀರಾತು ನೋಡಿ ಹೊರಟಿದ್ರೆ ಒಂದ್ ನಿಮಿಷ ನಿಲ್ಲಿ. ಲೇಸರ್ರೇ ಮೋಸ ಅಂತ ನಾನು ಹೇಳ್ತಿಲ್ಲ. ಕೆಲವರಿಗೆ ಅದ್ರಿಂದ ನಿಜವಾಗ್ಲೂ ಅನುಕೂಲ ಆಗಿದೆ. ಆದ್ರೆ ಯಾರ ಕಣ್ಣಿಗೆ ಅದನ್ನ ಮಾಡ್ಲೇಬಾರದೋ ಅಂಥವರಿಗೂ ದುಡ್ಡು ಕಟ್ಟಿಸ್ಕೊಂಡು ಮಾಡ್ತಿದಾರೆ, ನನಗಾಗಿದ್ದು ಅದೇ.

ನಂಗೆ 44 ವರ್ಷ, ಮೈಸೂರು, ಡಿಟಿಪಿ ಕೆಲಸ. ಸ್ಕೂಲಲ್ಲಿದ್ದಾಗಿಂದ ಕನ್ನಡಕ, ಪವರ್ ಮೈನಸ್ 7. ಬೆಳಗ್ಗಿಂದ ಸಂಜೆ ತನಕ ಬಿಳೀ ಪೇಜ್ ಮೇಲೆ ಅಕ್ಷರ ನೋಡೋದೇ ನನ್ನ ಅನ್ನ. ಬಲಗಣ್ಣಲ್ಲಿ ಒಂದು ಬೂದು ಬಣ್ಣದ ಎಳೆ ಶುರುವಾಯ್ತು, ತುದೀಲಿ ಸಣ್ಣ ಗಂಟು, ಕಣ್ಣು ಎಡಕ್ಕೆ ತಿರುಗಿಸಿದ್ರೆ ಹಿಂದೆನೇ ಬರೋದು, ನಿಲ್ಲಿಸಿದ್ರೆ ನಿಧಾನಕ್ಕೆ ಜಾರಿ ಮತ್ತೆ ನಡುವಿಗೇ ಬಂದು ಕೂರೋದು. ಪ್ರೂಫ್ ನೋಡುವಾಗ ಅಕ್ಷರದ ಕೆಳಗೆ ಒತ್ತು ಇದ್ಯೋ ಅಥವಾ ಆ ಗಂಟೋ ಅಂತ ಗೊತ್ತಾಗ್ದೆ ಒಂದೊಂದು ಸಾಲನ್ನೂ ಎರಡೆರಡು ಸಲ ಓದ್ಬೇಕಾಗ್ತಿತ್ತು. ಇದನ್ನ ಅನುಭವಿಸದೇ ಇರೋರು "ಅಯ್ಯೋ ಅದೆಲ್ಲ ಎಲ್ರಿಗೂ ಇರುತ್ತೆ, ಗಮನ ಕೊಡ್ಬೇಡ" ಅಂತಾರೆ. ಇರುತ್ತೆ ನಿಜ, ಆದ್ರೆ ಕೆಲವರಿಗೆ ತಲೆ ಕೆಡೋವಷ್ಟು ಇರುತ್ತೆ, ಅವರ ಕಷ್ಟ ಸುಳ್ಳಲ್ಲ.

ಆ ಕ್ಲಿನಿಕ್ ಬೆಂಗಳೂರಲ್ಲಿತ್ತು, ಹೆಸರು ಬರೆಯಲ್ಲ. ಡಾಕ್ಟ್ರಿಗಿಂತ ಮೊದಲು ಒಬ್ಬ ಕೌನ್ಸೆಲರ್ ಹತ್ರ ಕೂರಿಸಿದ್ರು. "ಮನೇಲಿ ಯಾರಿಗಾದ್ರೂ ಪೊರೆ ಆಪರೇಷನ್ ಆಗಿದ್ಯಾ" ಅಂತ ಕೇಳಿದ್ರು, ಅಮ್ಮಂಗೆ ಆಗಿದೆ, ಆಮೇಲೆ ಮಬ್ಬು ಬಂತು ಅಂತ ಯಾಗ್ ಲೇಸರ್ ಮಾಡಿದ್ರು, ಮಾರನೇ ದಿನವೇ ಸರಿಹೋಯ್ತು ಅಂದೆ. "ನೋಡಿ ಸರ್, ಇದೂ ಅದೇ ಲೇಸರ್ರೇ, ಭಯನೇ ಬೇಡ" ಅಂದ್ರು. ಒಂದು ಕಣ್ಣಿಗೆ 28,000 ರೂಪಾಯಿ ಪ್ಯಾಕೇಜು, ಎಷ್ಟು ಸಿಟ್ಟಿಂಗ್ ಬೇಕಾದ್ರೂ ಅದ್ರಲ್ಲೇ. ಆಮೇಲೆ ಪಾಪೆ ಅಗಲ ಆಗೋ ಡ್ರಾಪ್ಸ್ ಹಾಕಿ, ಡಾಕ್ಟ್ರು ಸ್ಲಿಟ್ ಲ್ಯಾಂಪಲ್ಲಿ ಒಂದೆರಡು ನಿಮಿಷ ನೋಡಿ "ಕಾಣ್ತಿದೆ, ಇವತ್ತೇ ಮಾಡಿಬಿಡೋಣ" ಅಂದ್ರು. ಒಪ್ಪಿಗೆ ಪತ್ರ ಕೈಗೆ ಬಂದಿದ್ದು ಆಮೇಲೆ, ಡ್ರಾಪ್ಸ್‌ಗೆ ಎರಡೂ ಕಣ್ಣು ಮಬ್ಬಾಗಿ ಅಕ್ಷರವೇ ಕಾಣದೇ ಇರೋ ಹೊತ್ತಲ್ಲಿ, ಸಹಿ ಎಲ್ಲಿ ಹಾಕ್ಬೇಕು ಅಂತ ಬೆರಳಿಟ್ಟು ತೋರ್ಸಿದ್ರು. ಓದೋ ಸ್ಥಿತೀಲಿ ಇಲ್ದೇ ಇರೋ ಮನುಷ್ಯನ ಕೈಲಿ ಸಹಿ ತಗೊಳ್ಳೋದನ್ನ ಒಪ್ಪಿಗೆ ಅಂತ ಹೆಂಗೆ ಕರೀತಾರೆ ಅಂತ ನಂಗೆ ಇವತ್ತಿಗೂ ಸಿಟ್ಟಿದೆ.

ಈಗ "ಅದೇ ಲೇಸರ್" ವಿಷಯ. ಎರಡೂ ಎನ್‌ಡಿ ಯಾಗ್ ಲೇಸರ್ರೇ, 1064 ನ್ಯಾನೋಮೀಟರ್ ತರಂಗದ್ದು, ಅದು ಸುಳ್ಳಲ್ಲ. ಆದ್ರೆ ಅಮ್ಮನಿಗೆ ಮಾಡಿದ್ದು ಆಪರೇಷನ್ನಲ್ಲಿ ಹಾಕಿದ ಕೃತಕ ಲೆನ್ಸಿನ ಹಿಂದೆ ಮಬ್ಬಾಗಿದ್ದ ತೆಳು ಪದರಕ್ಕೆ, ಆ ಪದರ ಅಲ್ಲಾಡದೆ ಒಂದೇ ಕಡೆ ಇರುತ್ತೆ, ಕಮ್ಮಿ ಎನರ್ಜಿ, ಸ್ವಲ್ಪ ಶಾಟು ಸಾಕು. ಫ್ಲೋಟರ್ ಇರೋದು ಅದಕ್ಕಿಂತ ಹಿಂದೆ, ವಿಟ್ರಿಯಸ್ ಅನ್ನೋ ಲೋಳೆ ಒಳಗೆ. ಅದು ಕಣ್ಣು ಆಡಿಸಿದಂಗೆಲ್ಲ ಓಡಾಡುತ್ತೆ, ಎನರ್ಜಿ ಜಾಸ್ತಿ ಬೇಕು, ಒಂದೇ ಸಿಟ್ಟಿಂಗಲ್ಲಿ ನೂರಾರು ಶಾಟ್ ಹೊಡೀಬೇಕಾಗುತ್ತೆ. ನಮ್ಮಮ್ಮಂಗೆ ಒಳಗಿರೋದು ಪ್ಲಾಸ್ಟಿಕ್ ಲೆನ್ಸು, ನಂಗಿರೋದು ಹುಟ್ಟಿದಾಗಿಂದ ಬಂದ ಲೆನ್ಸು, ಅದಕ್ಕೆ ಏಟು ಬಿದ್ರೆ ಪೊರೆ ಬರುತ್ತೆ. ಕೌನ್ಸೆಲರ್ ಇದನ್ನ ಒಂದು ಮಾತು ಹೇಳ್ಲಿಲ್ಲ, ಡಾಕ್ಟ್ರೂ ಹೇಳ್ಲಿಲ್ಲ.

ಆ ಲೋಳೇಲಿ ಶೇ. 98ಕ್ಕೂ ಜಾಸ್ತಿ ನೀರೇ, ಉಳಿದದ್ದು ಕೊಲಾಜನ್ ಎಳೆ, ಹೈಲುರಾನಿಕ್ ಆಸಿಡ್ ಇಂಥವು. ವಯಸ್ಸಾಗ್ತಾ ಲೋಳೆ ಅಲ್ಲಲ್ಲಿ ನೀರಾಗಿ ಎಳೆಗಳು ಒಟ್ಟಾಗಿ ಗಂಟು ಕಟ್ಟುತ್ವೆ, ನಮಗೆ ಕಾಣೋದು ಅವುಗಳ ನೆರಳು, ರೆಟಿನಾ ಅಂದ್ರೆ ಕಣ್ಣಿನ ಹಿಂಭಾಗದಲ್ಲಿ ಬೆಳಕು ಗ್ರಹಿಸೋ ಪರದೆ ಮೇಲೆ ಬೀಳೋ ನೆರಳು. ಮೈನಸ್ ಪವರ್ ಜಾಸ್ತಿ ಇರೋರಿಗೆ ಇದು ಬೇಗ ಬರುತ್ತೆ. ಇನ್ನೊಂದು ಥರ ಇದೆ, ಸಾಮಾನ್ಯವಾಗಿ 50-60 ದಾಟಿದ ಮೇಲೆ ವಿಟ್ರಿಯಸ್ ಹಿಂದಿರೋ ರೆಟಿನಾದಿಂದ ಪೂರ್ತಿ ಬಿಟ್ಕೊಂಡು ಮುಂದೆ ಬರುತ್ತೆ, ಆಗ ಕಣ್ಣಿನ ನರದ ಸುತ್ತ ಅಂಟಿದ್ದ ಭಾಗ ಒಂದು ಉಂಗುರದ ಥರ ಎದ್ದು ತೇಲುತ್ತೆ, ಇದಕ್ಕೆ ವೈಸ್ ರಿಂಗ್ ಅಂತಾರೆ. ಲೇಸರ್ ಸ್ವಲ್ಪ ಮಟ್ಟಿಗೆ ಕೆಲಸ ಮಾಡೋದು ಈ ಥರ ಒಂದೇ ದೊಡ್ಡ ಗಂಟು, ಲೆನ್ಸಿಂದಲೂ ರೆಟಿನಾದಿಂದಲೂ ದೂರ ಇರೋದಕ್ಕೆ. ಎರಡೂ ಕಡೆಯಿಂದ 2-3 ಮಿಲಿಮೀಟರ್ ಆದ್ರೂ ಅಂತರ ಇದ್ಯಾ ಅಂತ ನೋಡ್ತಾರೆ, ಇಡೀ ಕಣ್ಣಿನ ಉದ್ದವೇ ಸುಮಾರು 24 ಮಿಲಿಮೀಟರ್ ಅನ್ನೋದು ನೆನಪಿರ್ಲಿ. ವಯಸ್ಸು ಕಮ್ಮಿ ಇರೋರ ಫ್ಲೋಟರ್ಸ್ ಹೆಚ್ಚಾಗಿ ರೆಟಿನಾಗೆ ಹತ್ರಾನೇ ಇರುತ್ತೆ, ಅದಕ್ಕೇ ಅಷ್ಟು ಚೂಪಾಗಿ ಕಾಣೋದು, ಅದಕ್ಕೇ ಅಲ್ಲಿ ಲೇಸರ್ ಹೊಡೆಯೋದು ಅಪಾಯ.

ಲೇಸರ್ ಮಾಡುವಾಗ ನೋವು ಇರ್ಲಿಲ್ಲ, ಅದನ್ನ ಒಪ್ಕೋತೀನಿ. ಮರಗಟ್ಟೋ ಡ್ರಾಪ್ಸ್ ಹಾಕಿ ಜೆಲ್ ಸವರಿದ ಒಂದು ದಪ್ಪ ಗಾಜಿನ ಲೆನ್ಸ್ ಕಣ್ಣಿಗೆ ಒತ್ತಿ ಹಿಡ್ಕೊಂಡ್ರು, ಗಲ್ಲ ಸ್ಟ್ಯಾಂಡ್ ಮೇಲೆ, ತಲೆ ಹಿಂದೆ ಪಟ್ಟಿ. ಟಕ್ ಟಕ್ ಅಂತ ಸದ್ದು, ಒಂದೊಂದು ಶಾಟಿಗೂ ಕರೀ ಗುಳ್ಳೆಗಳು ಕೆಳಕ್ಕೆ ಬೀಳ್ತಿರೋ ಹಂಗೆ ಕಾಣೋದು. ಅವು ನಿಜವಾಗಿ ಗ್ಯಾಸ್ ಗುಳ್ಳೆ, ಕಣ್ಣೊಳಗೆ ಮೇಲಕ್ಕೆ ಹೋಗ್ತಿರುತ್ವೆ, ರೆಟಿನಾ ಮೇಲೆ ಚಿತ್ರ ತಲೆಕೆಳಗಾಗಿ ಬೀಳೋದ್ರಿಂದ ನಮಗೆ ಕೆಳಗೆ ಹೋದಂಗೆ ಕಾಣುತ್ತೆ. ಮುಗಿದ ಮೇಲೆ ಸ್ವಲ್ಪ ಹೊತ್ತು ಕೂರಿಸಿ ಕಣ್ಣಿನ ಪ್ರೆಷರ್ ನೋಡ್ಬೇಕು, ಯಾಕಂದ್ರೆ ಲೇಸರ್ ಆದ್ಮೇಲೆ ಪ್ರೆಷರ್ ಏರೋ ಸಾಧ್ಯತೆ ಇದೆ. ನಂಗೆ ನೋಡ್ಲಿಲ್ಲ. ಡ್ರಾಪ್ಸ್ ಬರ್ಕೊಟ್ಟು ಕಳ್ಸಿದ್ರು.

ಗುಳ್ಳೆ ಎಲ್ಲ ಕರಗಿದ ಮೇಲೆ ನೋಡಿದ್ರೆ ಆ ಗಂಟು ಒಡೆದಿದೆ, ಎಳೆ ಹಂಗೇ ಇದೆ, ಅದ್ರ ಜೊತೆಗೆ ಮುಂಚೆ ಇಲ್ದೇ ಇದ್ದ ಸಣ್ಣ ಸಣ್ಣ ಚುಕ್ಕಿಗಳು. ಮುಂಚೆ ಒಂದು ಇದ್ದಿದ್ದಕ್ಕೆ ಅದನ್ನ ಪಕ್ಕಕ್ಕೆ ತಳ್ಳಿ ಓದ್ಬಹುದಿತ್ತು, ಈಗ ಎತ್ತ ತಿರುಗಿಸಿದ್ರೂ ಏನಾದ್ರೂ ಒಂದು ಅಕ್ಷರದ ಮೇಲೆ ಇರುತ್ತೆ. ಫೋನ್ ಮಾಡಿದ್ರೆ "ಅದು ಸೆಟಲ್ ಆಗುತ್ತೆ, ಸೆಕೆಂಡ್ ಸಿಟ್ಟಿಂಗಿಗೆ ಬನ್ನಿ, ಪ್ಯಾಕೇಜಲ್ಲೇ ಇದೆ". ನಾನು ಹೋಗ್ಲಿಲ್ಲ, ಬೇರೆ ಆಸ್ಪತ್ರೇಲಿ ರೆಟಿನಾ ಸ್ಪೆಷಲಿಸ್ಟ್ ಒಬ್ರ ಹತ್ರ ಹೋದೆ.

ಅವರು ಪರೀಕ್ಷೆ ಮಾಡಿದ ರೀತಿ ನೋಡಿದ ಮೇಲೆನೇ ಗೊತ್ತಾಗಿದ್ದು ಮೊದಲನೇ ಕಡೆ ಏನೇನು ಬಿಟ್ಟಿದ್ರು ಅಂತ. ಮಲಗಿಸಿ, ತಲೆಗೆ ಕಟ್ಕೊಳ್ಳೋ ಲೈಟಲ್ಲಿ, ರೆಪ್ಪೆ ಹತ್ರ ಸಣ್ಣ ಕಡ್ಡಿ ಥರದ್ದರಿಂದ ಕಣ್ಣನ್ನ ಮೆಲ್ಲಗೆ ಒತ್ತಿ ಒತ್ತಿ ರೆಟಿನಾದ ಅಂಚು ಪೂರ್ತಿ ನೋಡಿದ್ರು, ಎಲ್ಲಾದ್ರೂ ಹರಿದಿದ್ಯಾ, ತೂತಿದ್ಯಾ ಅಂತ. ರೆಟಿನಾದ ಪದರ ಪದರ ತೋರಿಸೋ ಓಸಿಟಿ ಸ್ಕ್ಯಾನ್ ಆಯ್ತು, ಕಣ್ಣಿನ ಅಲ್ಟ್ರಾಸೌಂಡು ಅಂದ್ರೆ ಬಿ ಸ್ಕ್ಯಾನ್ ಆಯ್ತು. ಪ್ರೆಷರ್ ನಾರ್ಮಲ್ ಇತ್ತು, ಪುಣ್ಯ. ವಿಟ್ರಿಯಸ್ ನನಗೆ ಇನ್ನೂ ಹಿಂದಿನಿಂದ ಬಿಟ್ಕೊಂಡೇ ಇಲ್ಲ, ಎಳೆ ಇರೋದು ಮ್ಯಾಕುಲಾಗೆ, ಅಂದ್ರೆ ಓದೋಕೆ ಬೇಕಾದ ರೆಟಿನಾದ ನಡುಭಾಗಕ್ಕೆ, ತುಂಬ ಹತ್ರ, ಲೇಸರ್ ಮಾಡೋ ಕೇಸೇ ಅಲ್ಲ ಅಂದ್ರು. ಲೆನ್ಸಿನ ಹಿಂಭಾಗದಲ್ಲಿ ಒಂದು ಸಣ್ಣ ಬಿಳಿ ಕಲೆ ಇದೆ, ಲೇಸರ್ ತಗುಲಿರೋದು ಅಂದ್ರು. ಅದು ಹಂಗೇ ಇರ್ಬಹುದು, ಪೊರೆಯಾಗಿ ಬೆಳೀಲೂಬಹುದು. ಮುಂದೆ ಯಾವಾಗಾದ್ರೂ ಪೊರೆ ಆಪರೇಷನ್ ಮಾಡಿಸೋ ಹೊತ್ತಿಗೆ ಈ ಲೇಸರ್ ವಿಷಯ ಸರ್ಜನ್‌ಗೆ ಮೊದಲೇ ಹೇಳ್ಲೇಬೇಕಂತೆ, ಯಾಕಂದ್ರೆ ಲೆನ್ಸಿನ ಹಿಂದಿನ ಪದರಕ್ಕೆ ಏಟಾಗಿದ್ರೆ ಆಪರೇಷನ್ ನಡುವೆ ಅದು ಹರಿದು ಲೆನ್ಸಿನ ಚೂರು ಕಣ್ಣೊಳಗೆ ಬೀಳ್ಬಹುದು. ಈ ಲೇಸರ್ ಮಾಡಿಸ್ಕೊಂಡಿರೋರು ಈ ಒಂದು ಮಾತನ್ನ ಬರೆದಿಟ್ಕೊಳ್ಳಿ.

ಇದು ನನ್ನೊಬ್ಬನ ಹಣೆಬರಹ ಏನಲ್ಲ. ಅಮೆರಿಕದ ರೆಟಿನಾ ಡಾಕ್ಟ್ರುಗಳ ಸಂಘದವರು 2017ರಲ್ಲಿ ಇಂಥ ಲೇಸರ್ ಆದ್ಮೇಲೆ ವರದಿಯಾದ ತೊಂದರೆಗಳನ್ನ ಸೇರಿಸಿ ಪ್ರಕಟ ಮಾಡಿದ್ರು, 15 ಜನರಲ್ಲಿ 16 ತೊಂದರೆ, ಪೊರೆ, ಲೆನ್ಸಿನ ಹಿಂದಿನ ಪದರಕ್ಕೆ ಪೆಟ್ಟು, ಪ್ರೆಷರ್ ಏರಿ ಗ್ಲಾಕೋಮಾ, ರೆಟಿನಾ ಹರಿದಿದ್ದು ಇವೆಲ್ಲ ಅದ್ರಲ್ಲಿದೆ. ಒಟ್ಟು ಎಷ್ಟು ಜನಕ್ಕೆ ಮಾಡಿದ್ರಲ್ಲಿ 15 ಅಂತ ಅದ್ರಿಂದ ಲೆಕ್ಕ ಸಿಗಲ್ಲ, ಹಂಗಾಗಿ ಎಲ್ರಿಗೂ ಹಿಂಗೇ ಆಗುತ್ತೆ ಅಂತಲ್ಲ. ಅದೇ ವರ್ಷ ಬಾಸ್ಟನ್ ಕಡೆ ಡಾಕ್ಟ್ರು 52 ಜನರ ಮೇಲೆ ಪರೀಕ್ಷೆ ಮಾಡಿದ್ರು, 36 ಜನಕ್ಕೆ ನಿಜವಾದ ಲೇಸರ್, 16 ಜನಕ್ಕೆ ಸುಮ್ನೆ ಲೇಸರ್ ಮಾಡಿದಂಗೆ ಮಾಡಿದ್ದು. ಆರು ತಿಂಗಳಾದ್ಮೇಲೆ ಲೇಸರ್ ಆದೋರು ಶೇ. 54ರಷ್ಟು ಸುಧಾರಿಸಿದೆ ಅಂದ್ರು, ಸುಮ್ನೆ ಮಾಡಿಸ್ಕೊಂಡೋರು ಶೇ. 9. ಕ್ಲಿನಿಕ್‌ನವರು ನಂಗೆ ತೋರಿಸಿದ ಪಾಂಪ್ಲೆಟಲ್ಲಿ ಇದೇ 54 ಇತ್ತು. ಆ ಪರೀಕ್ಷೆಗೆ ತಗೊಂಡಿದ್ದು ವೈಸ್ ರಿಂಗ್ ಇರೋರನ್ನ ಮಾತ್ರ ಅನ್ನೋದು ಅದ್ರಲ್ಲಿ ಇರ್ಲಿಲ್ಲ. ನನ್ನಂಥೋರಿಗೆ ಆ ಅಂಕಿ ಅನ್ವಯಾನೇ ಆಗಲ್ಲ.

ಇನ್ನು ಆಪರೇಷನ್, ವಿಟ್ರೆಕ್ಟಮಿ. ಮೂರು ಸಣ್ಣ ತೂತು ಮಾಡಿ ವಿಟ್ರಿಯಸ್ಸನ್ನೇ ತೆಗೆದು ಸಲೈನ್ ಥರದ ನೀರು ತುಂಬೋದು. ಫ್ಲೋಟರ್ಸ್ ಹೋಗೋದ್ರಲ್ಲಿ ಲೇಸರ್‌ಗಿಂತ ಇದೇ ಗಟ್ಟಿ, ಆದ್ರೆ 50 ದಾಟಿದೋರಿಗೆ ಪೊರೆ ಬೇಗ ಬರುತ್ತೆ, ರೆಟಿನಾ ಕಳಚೋದು, ಒಳಗೆ ಇನ್ಫೆಕ್ಷನ್ ಆಗೋದು ಕಮ್ಮಿ ಆದ್ರೂ ಇದೆ. ನನ್ನ ಡಾಕ್ಟ್ರು ಸದ್ಯಕ್ಕೆ ಬೇಡ ಅಂದಿದಾರೆ. ವಾಟ್ಸಾಪಲ್ಲಿ ಓಡಾಡೋ ಅನಾನಸ್ ಚಿಕಿತ್ಸೆ, ಜೇನುತುಪ್ಪ ಬಿಡೋದು ಇವನ್ನ ನಂಬಬೇಡಿ, ಕಣ್ಣಿಗೆ ಏನೂ ಬಿಡ್ಬೇಡಿ. ಹಾಂ, ಇನ್ನೊಂದು, ರೆಟಿನಾದ ತೂತಿನ ಸುತ್ತ ಬರಾಜ್ ಲೇಸರ್ ಅಂತ ಮಾಡ್ತಾರಲ್ಲ ಅದು ಬೇರೇನೇ, ಅದು ರೆಟಿನಾ ಕಳಚದಂಗೆ ತಡೆಯೋಕೆ, ಡಾಕ್ಟ್ರು ಬೇಕು ಅಂದ್ರೆ ನನ್ನ ಈ ಬರಹ ಓದಿ ಹೆದರಿ ಅದನ್ನ ಮುಂದಕ್ಕೆ ಹಾಕ್ಬೇಡಿ.

ಯಾರಾದ್ರೂ ಫ್ಲೋಟರ್ಸ್‌ಗೆ ಲೇಸರ್ ಅಂದ್ರೆ ಮೊದಲು ಕೇಳಿ: ನನ್ನದು ಯಾವ ಥರದ ಫ್ಲೋಟರ್, ಲೆನ್ಸಿಂದ ಎಷ್ಟು ದೂರ, ರೆಟಿನಾದಿಂದ ಎಷ್ಟು ದೂರ, ವಿಟ್ರಿಯಸ್ ಬಿಟ್ಕೊಂಡಿದ್ಯಾ, ರೆಟಿನಾ ಅಂಚು ನೋಡಿದ್ರಾ. ಉತ್ತರ ಕೊಡೋದು ಕೌನ್ಸೆಲರ್ ಆದ್ರೆ ಎದ್ದು ಬನ್ನಿ. ಬೆಂಗಳೂರಲ್ಲಿ ಸರ್ಕಾರಿ ಮಿಂಟೋ ಆಸ್ಪತ್ರೇಲೂ ರೆಟಿನಾ ವಿಭಾಗ ಇದೆ, ದುಡ್ಡಿಲ್ಲ ಅಂತ ಪರೀಕ್ಷೆ ಬಿಡೋ ಹಾಗಿಲ್ಲ. ಇದ್ದಕ್ಕಿದ್ದಂಗೆ ಚುಕ್ಕಿಗಳ ಸುರಿಮಳೆ, ಮಿಂಚು ಹೊಡೆದಂಗೆ ಬೆಳಕು, ಪಕ್ಕದಿಂದ ಪರದೆ ಎಳೆದಂಗೆ ಕತ್ತಲೆ, ಈ ಮೂರ್ರಲ್ಲಿ ಯಾವುದಾದ್ರೂ ಬಂದ್ರೆ ಅವತ್ತೇ ರೆಟಿನಾ ಡಾಕ್ಟ್ರ ಹತ್ರ ಹೋಗಿ, ನಾಳೆ ಅನ್ಬೇಡಿ.

ಈಗಾಗ್ಲೇ ಮಾಡಿಸ್ಕೊಂಡು ತೊಂದರೆ ಆಗಿರೋರು ಎಷ್ಟು ಎನರ್ಜಿ, ಎಷ್ಟು ಶಾಟ್ ಅನ್ನೋ ದಾಖಲೆ ಬರಹದಲ್ಲಿ ಕೇಳಿ. ರೋಗಿ ಕೇಳಿದ್ರೆ 72 ಗಂಟೆ ಒಳಗೆ ಕೊಡ್ಬೇಕು ಅಂತ ಮೆಡಿಕಲ್ ಕೌನ್ಸಿಲ್‌ನ 2002ರ ನಿಯಮದಲ್ಲೇ ಇದೆ. ನಂಗೆ ಫೋನಲ್ಲಿ ಕೇಳಿದಷ್ಟು ದಿನ ಸಿಗ್ಲಿಲ್ಲ, ನಿಯಮದ ಹೆಸರು ಬರೆದು ರಿಜಿಸ್ಟರ್ಡ್ ಪೋಸ್ಟ್ ಕಳಿಸಿದ ಮೇಲೆ ಬಂತು, ಈಗ ಅದನ್ನೂ ರೆಟಿನಾ ಡಾಕ್ಟ್ರ ರಿಪೋರ್ಟನ್ನೂ ಇಟ್ಕೊಂಡು ಗ್ರಾಹಕರ ಆಯೋಗಕ್ಕೆ ದೂರು ರೆಡಿ ಮಾಡ್ತಿದೀನಿ.