ಮೂರು ಮಳೆಗಾಲ ಕಂಡ ನಮ್ಮ ಟಾಟಾ ಪಂಚ್

ಶಿರಸಿ ಕಡೆಯ ನಮ್ಮ ಮನೆಗೆ ಕೊನೆಯ ಎರಡು ಕಿಲೋಮೀಟರ್ ಡಾಂಬರಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಚಕ್ರ ಓಡುವ ಜಾಗ ಹೊಂಡವಾಗಿ, ನಡುವೆ ಕಲ್ಲಿನ ದಿಬ್ಬ ಉಳಿದಿರುತ್ತದೆ. ಹಳೆಯ ಸಣ್ಣ ಕಾರಿನ ಹೊಟ್ಟೆ ಅದಕ್ಕೆ ಉಜ್ಜಿ, ಒಮ್ಮೆ ಎಂಜಿನ್ ಆಯಿಲ್ ಪೂರ್ತಿ ಸೋರಿಹೋಯಿತು. 2022ರ ದೀಪಾವಳಿಗೆ ಪಂಚ್ ತಂದೆವು. ಪೆಟ್ರೋಲ್, ಮ್ಯಾನುವಲ್ ಗೇರ್, ಅಡ್ವೆಂಚರ್ ಮಾದರಿ. ಈಗ 43,000 ಕಿಲೋಮೀಟರ್ ಓಡಿದೆ.

ನೆಲದಿಂದ ಎತ್ತರವನ್ನೇ ಲೆಕ್ಕ ಹಾಕಿದ್ದರೆ 205 ಮಿಲಿಮೀಟರಿನ ನಿಸ್ಸಾನ್ ಮ್ಯಾಗ್ನೈಟ್ ಬರಬೇಕಿತ್ತು, ಪಂಚ್‌ನದು 187. ಆದರೆ ತೀರ್ಪು ಕೊಟ್ಟದ್ದು ಅಮ್ಮನ ಮಂಡಿ. ಶೋರೂಮುಗಳಿಗೆ ಅವಳನ್ನೂ ಕರೆದುಕೊಂಡು ಹೋಗಿದ್ದೆ. ಪಂಚ್‌ನ ಬಾಗಿಲು 90 ಡಿಗ್ರಿ ತೆರೆದುಕೊಳ್ಳುತ್ತದೆ. ಅಮ್ಮ ಮೊದಲು ಸೀಟಿನ ಮೇಲೆ ಕುಳಿತು, ಆಮೇಲೆ ನಿಧಾನವಾಗಿ ಕಾಲು ಒಳಗೆ ತಿರುಗಿಸಿಕೊಂಡಳು. ಯಾರ ಕೈಯನ್ನೂ ಹಿಡಿಯಲಿಲ್ಲ. ಕಾರುಗಳನ್ನು ಡಿಕ್ಕಿ ಹೊಡೆಸಿ ನೋಡುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ 2021ರ ಪರೀಕ್ಷೆಯಲ್ಲಿ ವಯಸ್ಕರ ಸುರಕ್ಷತೆಗೆ ಐದು ನಕ್ಷತ್ರ ಸಿಕ್ಕಿದೆ ಎಂಬ ನನ್ನ ಭಾಷಣವನ್ನು ಅಲ್ಲಿ ಯಾರೂ ಕೇಳಿಸಿಕೊಳ್ಳಲಿಲ್ಲ.

ಹೆಸರು ಎಸ್‌ಯುವಿಯಾದರೂ ಎಂಜಿನ್ ತಿರುಗಿಸುವುದು ಮುಂದಿನ ಎರಡು ಚಕ್ರಗಳನ್ನು ಮಾತ್ರ. ಕೆಸರಿನ ಗದ್ದೆಗೆ ಇಳಿಸುವ ಉಮೇದು ಬೇಡ. 1,199 ಸಿಸಿಯ ಮೂರು ಸಿಲಿಂಡರ್ ಎಂಜಿನ್. ನಾವು ಕೊಂಡ ಕಾಲದ್ದರ ಶಕ್ತಿ 86 ಪಿಎಸ್ (ಅಶ್ವಶಕ್ತಿಯ ಒಂದು ಅಳತೆ). ಕುಮಟಾದಿಂದ ಬರುವಾಗ ದೇವಿಮನೆ ಘಟ್ಟದಲ್ಲಿ, ಐದು ಜನ ಇದ್ದಾಗ, ಮೂರನೆಯ ಗೇರಿನಲ್ಲೇ ಹತ್ತುತ್ತೇನೆಂದು ಹಟ ಹಿಡಿಯಬಾರದು. ತಿರುವು ಬರುವ ಮೊದಲೇ ಎರಡಕ್ಕೆ ಇಳಿಸಿದರೆ ತಕರಾರಿಲ್ಲದೆ ಏರುತ್ತದೆ. ಇದನ್ನು ಕಲಿಯಲು ನನಗೆ ಆರು ತಿಂಗಳು ಹಿಡಿಯಿತು. ಊರೊಳಗಿನ ಓಡಾಟಕ್ಕೆ ಲೀಟರಿಗೆ 14, ಹುಬ್ಬಳ್ಳಿಗೆ ಹೋಗಿಬಂದರೆ 18ರ ಆಸುಪಾಸು.

ಮಾರಾಟದ ಹುಡುಗ ಮೇಲಿನ ಮಾದರಿಯ 16 ಇಂಚಿನ ಅಲಾಯ್ ಚಕ್ರಗಳನ್ನು ಬಹಳ ಹೊಗಳಿದ. ನಾನು 15 ಇಂಚಿನ ಉಕ್ಕಿನ ಚಕ್ರಕ್ಕೇ ಅಂಟಿಕೊಂಡೆ. 185/70 ಅಳತೆಯ ಟೈರಿನಲ್ಲಿ ರಿಮ್ಮಿಗೂ ರಸ್ತೆಗೂ ನಡುವೆ ರಬ್ಬರು ಹೆಚ್ಚು. ಹೊಂಡದ ಏಟನ್ನು ಅದೇ ನುಂಗುತ್ತದೆ. ಇಷ್ಟು ವರ್ಷದಲ್ಲಿ ಒಂದು ರಿಮ್ಮೂ ಬಾಗಿಲ್ಲ. ಮೊದಲ ಜೊತೆ ಟೈರುಗಳನ್ನು 41,000 ಕಿಲೋಮೀಟರಿಗೆ ಬದಲಾಯಿಸಿದೆ, ಅದೇ ಅಳತೆಯವನ್ನೇ ಹಾಕಿಸಿದೆ.

ಬೆಲೆಯ ವಿಷಯದಲ್ಲಿ ಒಂದು ಮಾತು. ಜಾಹೀರಾತಿನ ಬೆಲೆ ನೋಡಿ ಹಿಗ್ಗಬೇಡಿ. ಕರ್ನಾಟಕದಲ್ಲಿ ಐದರಿಂದ ಹತ್ತು ಲಕ್ಷದ ಕಾರಿಗೆ ಜೀವಿತಾವಧಿ ತೆರಿಗೆಯೇ ಶೇ. 14, ಅದರ ಮೇಲೆ ಸೆಸ್, ವಿಮೆ. ನಮ್ಮದು ಕೈಗೆ ಬರುವಾಗ ಎಂಟು ಲಕ್ಷ ಮುಟ್ಟಿತ್ತು.

ಸರ್ವಿಸ್ ಕೇಂದ್ರದವರು ಮಾತ್ರ ಪ್ರತಿ ಸಲವೂ ಕೇಳದ ಕೆಲಸವೊಂದನ್ನು ಬಿಲ್ಲಿಗೆ ಸೇರಿಸುತ್ತಾರೆ. ಈಗ ಏನೇನು ಮಾಡಬೇಕೆಂದು ಚೀಟಿ ಬರೆದು, ಸಹಿ ಹಾಕಿಸಿಕೊಂಡೇ ಬೀಗದ ಕೈ ಕೊಡುತ್ತೇನೆ.

ಡಿಕ್ಕಿ 366 ಲೀಟರ್. ಎರಡು ಚೀಲ ಚಾಲಿ ಅಡಿಕೆ ಸಲೀಸಾಗಿ ಹಿಡಿಯುತ್ತದೆ. ಹಿಂದಿನ ಸೀಟಿನಲ್ಲಿ ಮೂರನೆಯವರು ಮಕ್ಕಳಾಗಿದ್ದರೆ ಮೇಲು.

ನಾನು ಜಿಪುಣತನ ಮಾಡಿ ಕೆಟ್ಟದ್ದು ಒಂದೇ ಕಡೆ: ಹಿಂದಿನ ಗಾಜಿಗೆ ವೈಪರ್ ಬೇಕಿದ್ದರೆ ಇನ್ನೂ ಮೇಲಿನ ಮಾದರಿಗೆ ಹೋಗಬೇಕಿತ್ತು. ಆಷಾಢದಲ್ಲಿ ಮನೆಯಿಂದ ಡಾಂಬರು ರಸ್ತೆ ತಲುಪುವಷ್ಟರಲ್ಲಿ ಆ ಗಾಜು ಕೆಮ್ಮಣ್ಣಿನಿಂದ ಮುಚ್ಚಿಹೋಗಿರುತ್ತದೆ. ಇಳಿದು ಒರೆಸಲು ಅಪ್ಪನ ಹಳೆಯ ಪಂಚೆಯ ತುಂಡೊಂದನ್ನು ಡಿಕ್ಕಿಯಲ್ಲಿ ಇಟ್ಟಿದ್ದೇನೆ. ಕಾರಿಗೆ ಆ ಹೆಸರು ಬಂದದ್ದು ಅದರಿಂದಲೇ ಎಂದು ಹೆಂಡತಿ ನೆಂಟರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ.