ಪೆಂಡ್ರಾಗನ್ ಗೇಮಲ್ಲಿ ಮುಪ್ಪು, ಮತ್ತೆ ನಮ್ಮ ಮನೆ ರೂಲ್ಸು

ಎರಡು ವರ್ಷದಿಂದ ಐದು ಜನ ಸೇರ್ಕೊಂಡು ಕಿಂಗ್ ಆರ್ಥರ್ ಪೆಂಡ್ರಾಗನ್ ಅನ್ನೋ ರೋಲ್‌ಪ್ಲೇ ಗೇಮ್ ಆಡ್ತಿದೀವಿ, ತಿಂಗಳಿಗೊಂದು ಭಾನುವಾರ, ಅಂದ್ರೆ ಒಬ್ಬೊಬ್ರು ಒಂದೊಂದು ಪಾತ್ರ ಆಗಿ ದಾಳ ಹಾಕಿ ಕಥೆ ಮುಂದುವರಿಸೋ ಆಟ, ಪಾತ್ರದ ನಂಬರೆಲ್ಲಾ ಒಂದು ಶೀಟಲ್ಲಿ ಬರ್ಕೊಳೋದು. ಗ್ರೆಗ್ ಸ್ಟ್ಯಾಫರ್ಡ್ ಮಾಡಿದ ಆಟ ಇದು, ಕೇಯೋಸಿಯಂ ಕಂಪನಿಯವ್ರು 1985ರಲ್ಲಿ ಮೊದಲು ತಂದ್ರು. ನಮ್ಮತ್ರ ಇರೋದು 5.2 ಎಡಿಶನ್ನು, ಆರನೇದು ಬಂದಿದೆ ಆದ್ರೆ ಇದು ಅದರ ರಿವ್ಯೂ ಅಲ್ಲ.

ಬೇರೆ ರೋಲ್‌ಪ್ಲೇ ಗೇಮಲ್ಲಿ ಹೊಡೆದಾಡಿ ಲೆವೆಲ್ ಏರ್ತೀವಿ, ವಯಸ್ಸು ಅನ್ನೋದು ಶೀಟಲ್ಲಿ ಸುಮ್ನೆ ಒಂದು ನಂಬರ್ ಆಗಿರತ್ತೆ. ಇಲ್ಲಿ 21 ವರ್ಷದ ನೈಟ್ ಆಗಿ ಶುರು, ಒಂದು ಸಾಹಸ ಅಂದ್ರೆ ಹೆಚ್ಚುಕಡಿಮೆ ಒಂದು ವರ್ಷ, ವರ್ಷದ ಕೊನೆಗೆ ವಿಂಟರ್ ಫೇಸ್ ಅಂತ ಚಳಿಗಾಲದ ಭಾಗ ಬರತ್ತೆ, ಕುದುರೆ ಉಳೀತಾ, ಹೆಂಡ್ತಿಗೆ ಮಗು ಆಯ್ತಾ, ನಾವು ಏನು ಕಲಿತ್ವಿ, ಎಲ್ಲಾ ದಾಳ ಹಾಕೇ ತೀರ್ಮಾನ. ನಂಗೆ ಯುದ್ಧಕ್ಕಿಂತ ಈ ಭಾಗನೇ ಇಷ್ಟ.

ಕಲಿಯೋ ರೂಲ್ ತುಂಬಾ ಸಿಂಪಲ್. ಆ ವರ್ಷ ಕತ್ತಿ ಚೆನ್ನಾಗಿ ಬೀಸಿದ್ರೆ ಶೀಟಲ್ಲಿ ಕತ್ತಿ ಸ್ಕಿಲ್ ಮುಂದೆ ಒಂದು ಟಿಕ್ಕು, ಎಷ್ಟು ಸಲ ಬೀಸಿದ್ರೂ ವರ್ಷಕ್ಕೆ ಒಂದೇ. ಚಳಿಗಾಲದಲ್ಲಿ ಟಿಕ್ ಇರೋ ಸ್ಕಿಲ್‌ಗೆ 20 ಮುಖದ ದಾಳ ಹಾಕ್ಬೇಕು, ಅದರ ಈಗಿರೋ ನಂಬರ್‌ಗಿಂತ ಜಾಸ್ತಿ ಬಿದ್ರೆ ಒಂದು ಪಾಯಿಂಟ್ ಏರತ್ತೆ. 10 ಇದ್ದಾಗ ಅರ್ಧಕ್ಕರ್ಧ ಚಾನ್ಸು, 19ಕ್ಕೆ ಬಂದ್ರೆ 20 ಒಂದೇ ಗತಿ. ನಂದು ಮೂರು ಚಳಿಗಾಲ 19ರಲ್ಲೇ ಕೂತಿತ್ತು.

ಅಷ್ಟರಲ್ಲಿ ವಯಸ್ಸು 35 ದಾಟಿರತ್ತೆ ನೋಡಿ. ಅಲ್ಲಿಂದ ಪ್ರತಿ ಚಳಿಗಾಲನೂ ಎರಡು ಆರು ಮುಖದ ದಾಳ ಹಾಕಿ ಮುಪ್ಪಿನ ಟೇಬಲ್ ನೋಡ್ಬೇಕು, ಕೆಟ್ಟದು ಬಿದ್ರೆ ಶಕ್ತಿನೋ ಚುರುಕುತನಾನೋ ರೂಪಾನೋ ಕಮ್ಮಿ ಆಗತ್ತೆ, ಯಾವುದಾದ್ರೂ ಸೊನ್ನೆಗೆ ಬಂತು ಅಂದ್ರೆ ಸತ್ತ ಅಂತ ಲೆಕ್ಕ, ಆಮೇಲೆ ಅವನ ಮಗನನ್ನ ಆಡೋದು. ನನ್ನ ನೈಟ್‌ಗೆ 41ರಲ್ಲಿ ಶಕ್ತಿ ಒಂದೇ ಒಂದು ಪಾಯಿಂಟ್ ಹೋಯ್ತು. ಒಂದೇ ತಾನೆ ಅಂದ್ಕೊಂಡೆ. ಆದ್ರೆ ಶಕ್ತಿ ಮತ್ತೆ ಮೈಕಟ್ಟು ಸೇರಿಸಿ ಆರರಿಂದ ಭಾಗ್ಸಿದ್ರೆ ಏಟಿನ ಜೋರು ನೋಡೋಕೆ ಎಷ್ಟು ದಾಳ ಹಾಕ್ಬೇಕು ಅಂತ ಬರೋದು, ಅರ್ಧ ಬಂದ್ರೆ ಮೇಲಕ್ಕೆ, ಕಮ್ಮಿ ಬಂದ್ರೆ ಕೆಳಕ್ಕೆ, 27 ಇದ್ದಿದ್ದು 26 ಆಗಿ ಐದು ದಾಳ ಹೋಗಿ ನಾಲ್ಕಾಯ್ತು. ಕತ್ತಿ ಸ್ಕಿಲ್ 19ರಲ್ಲೇ ಇದೆ, ಏಟಲ್ಲಿ ಮಾತ್ರ ದಮ್ಮಿಲ್ಲ. ನಮ್ ತಾತ ಬಾವೀಲಿ ನೀರು ಸೇದೋವಾಗ ಹಗ್ಗ ಹಿಡಿಯೋ ರೀತಿ ಏನೂ ಬದಲಾಗಿರ್ಲಿಲ್ಲ, ಕೊಡ ಮಾತ್ರ ಚಿಕ್ಕದಾಗಿತ್ತು, ಅದೇ ನೆನಪಾಯ್ತು.

ಈಗ ಮನೆ ರೂಲ್ಸಿಗೆ, ಅಂದ್ರೆ ಪುಸ್ತಕದಲ್ಲಿಲ್ಲದೆ ನಾವೇ ಮಾಡ್ಕೊಂಡ ರೂಲ್ಸಿಗೆ ಬರ್ತೀನಿ. ಚೌಕಾಬಾರದಲ್ಲೇ ಅಜ್ಜಿ ಮನೆ ರೂಲ್ ಬೇರೆ ಅತ್ತೆ ಮನೆ ರೂಲ್ ಬೇರೆ, ಇಲ್ಲಿ ಕೇಳ್ಬೇಕಾ. ಮೈಯಿಂದ ಒಂದು ಪಾಯಿಂಟ್ ಹೋದ್ರೆ ಅನುಭವ ಅಂತ ಯಾವುದಾದ್ರೂ ಸ್ಕಿಲ್‌ಗೆ ಒಂದು ಸೇರಿಸೋಣ ಅಂತ ಮೊದಲು ಮಾಡ್ಕೊಂಡ್ವಿ. ಕೇಳೋಕೆ ನ್ಯಾಯ ಅನ್ಸತ್ತೆ. ಆಡಿದ್ಮೇಲೆ ಗೊತ್ತಾಯ್ತು, 50 ದಾಟಿದ ಮುದುಕರೇ ಮುಂದೆ ನಿಂತು ಎಲ್ಲಾ ಮಾತು ಎಲ್ಲಾ ಕೆಲಸ ಅವ್ರೇ ಮಾಡೋದು, ಮಗನ ಹೆಸರು ಏನಿಟ್ಟಿದ್ವಿ ಅಂತಾನೂ ಯಾರಿಗೂ ನೆನಪಿರ್ಲಿಲ್ಲ. ನಾಲ್ಕು ತಿಂಗಳಿಗೆ ತೆಗೆದು ಹಾಕಿದ್ವಿ. ಎರಡು ವರ್ಷಕ್ಕೊಂದ್ಸಲ ಮುಪ್ಪಿನ ದಾಳ ಅಂತಾನೂ ಮಾಡಿ ನೋಡಿದ್ವಿ, ಅದೂ ಅದೇ ಕಥೆ.

ಉಳ್ಕೊಂಡಿದ್ದು ಒಂದೇ. ಚಳಿಗಾಲದ ಅಭ್ಯಾಸಕ್ಕೆ ಒಂದು ಆರು ಮುಖದ ದಾಳ ಹಾಕಿ ಅದಕ್ಕೊಂದು ಸೇರಿಸಿದಷ್ಟು ಸ್ಕಿಲ್ ಪಾಯಿಂಟ್ ಸಿಗತ್ತಲ್ಲ, ಅದನ್ನ 15ರ ಮೇಲೆ ಹಾಕೋ ಹಾಗಿಲ್ಲ, ಹಂಗಾಗಿ ವಯಸ್ಸಾದ ನೈಟ್‌ಗೆ ಅದು ಅಷ್ಟಕ್ಕಷ್ಟೇ. 35 ಆದ್ಮೇಲೆ ಅದನ್ನ ಮನೇಲಿರೋ ಮಗನಿಗೋ ಮಗಳಿಗೋ ಕೊಡಬಹುದು ಅಂತ ಮಾಡಿದ್ವಿ. ಪುಸ್ತಕದ ಪ್ರಕಾರ ಅಪ್ಪ ಗಳಿಸಿದ ಕೀರ್ತಿ ಪಾಯಿಂಟಲ್ಲಿ ಹತ್ತನೇ ಒಂದು ಭಾಗ ಹೆಂಗೂ ಮಗನಿಗೆ ಬರತ್ತೆ, ಇದು ಅದರ ಜೊತೆಗೆ. ಈಗ ಅಪ್ಪ ಸತ್ರೆ ಯಾರೂ ಮುಖ ಸಣ್ಣ ಮಾಡ್ಕೊಳಲ್ಲ, ಹೊಸ ಶೀಟ್ ಆಗ್ಲೇ ಅರ್ಧ ತುಂಬಿರತ್ತೆ.

ಒಂದೇ ದಿನ ಆಡಿ ಮುಗಿಸೋ ಆಟ ಬೇಕಿದ್ರೆ ತಗೋಬೇಡಿ, ಐದು ಜನದ ಚಳಿಗಾಲ ಮುಗಿಯೋಕೇ ಒಂದು ಗಂಟೆ ಮೇಲೆ ಬೇಕು, ಅದಕ್ಕೆ ಒಂದು ಸ್ಟಾರ್ ಕಟ್, ಐದಕ್ಕೆ ನಾಲ್ಕು. ಪೆನ್ಸಿಲಲ್ಲೇ ಬರೀರಿ, ಒಳ್ಳೇ ರಬ್ಬರ್ ಇಟ್ಕೊಳಿ, ನನ್ನ ಶೀಟಲ್ಲಿ ಶಕ್ತಿ ಇರೋ ಜಾಗ ಅಳಿಸಿ ಅಳಿಸಿ ತೂತಾಗಿದೆ.