ಚಕ್ ಲೋರಿಯ ಹಾಸ್ಯ ಧಾರಾವಾಹಿಗಳು: ಎಲ್ಲಿಂದ ಹಿಡಿಯಬೇಕು, ಎಲ್ಲಿ ಬಿಡಬೇಕು

ಅಮೆರಿಕದ ಟೀವಿಯಲ್ಲಿ ಬರಹಗಾರ, ನಿರ್ಮಾಪಕ ಚಕ್ ಲೋರಿ ಕೈಯಾಡಿಸಿದ ಹಾಸ್ಯ ಧಾರಾವಾಹಿಗಳನ್ನು ಎಣಿಸಲು ಎರಡು ಕೈಯ ಬೆರಳು ಸಾಲವು. ಹೆಚ್ಚಿನವು ವರ್ಷಾನುಗಟ್ಟಲೆ ಓಡಿದವು. ‘ದ ಬಿಗ್ ಬ್ಯಾಂಗ್ ಥಿಯರಿ’ ಒಂದೇ 279 ಕಂತು, ‘ಟೂ ಆಂಡ್ ಎ ಹಾಫ್ ಮೆನ್’ 262, ‘ಮಾಮ್’ 170. ಇವಿಷ್ಟನ್ನೂ ಕ್ರಮವಾಗಿ ನೋಡಲು ಹೊರಟರೆ ಒಂದು ಮಳೆಗಾಲ ಸಾಕಾಗದು, ನೋಡುವ ಅಗತ್ಯವೂ ಇಲ್ಲ. ಲೋರಿಯ ಧಾರಾವಾಹಿಗಳಿಗೆ ಒಂದು ಸ್ವಭಾವ ಉಂಟು. ಮೊದಲ ಸೀಸನ್ ತಡವರಿಸುತ್ತದೆ, ನಡುವಿನ ನಾಲ್ಕೈದು ಸೀಸನ್ ಭರ್ಜರಿಯಾಗಿರುತ್ತದೆ, ಆಮೇಲಿನದು ಅಭ್ಯಾಸಬಲದಿಂದ ಓಡುತ್ತದೆ. ಆ ನಡುವಿನ ಭಾಗ ಯಾವುದೆಂದು ಗೊತ್ತಿದ್ದರೆ ಅರ್ಧಕ್ಕಿಂತ ಹೆಚ್ಚು ಸಮಯ ಉಳಿಯುತ್ತದೆ.

ಮೊದಲಿಗೆ ನಗುವಿನ ಸದ್ದಿನ ವಿಚಾರ. ಹೆಚ್ಚಿನವರು ಮೊದಲ ಐದು ನಿಮಿಷದಲ್ಲೇ ಟೀವಿ ಆರಿಸುವುದು ಇದೇ ಕಾರಣಕ್ಕೆ. ಕಾಸರಗೋಡಿನ ಮನೆಗಳಲ್ಲಿ ಕನ್ನಡ ಚಾನೆಲ್‌ನಷ್ಟೇ ಮಲಯಾಳ ಚಾನೆಲ್ ಕೂಡ ಓಡುತ್ತದೆ. ಫ್ಲವರ್ಸ್ ಚಾನೆಲ್‌ನ ‘ಉಪ್ಪುಂ ಮುಳಕುಂ’, ಮಳವಿಲ್ ಮನೋರಮಾದ ‘ಮರಿಮಾಯಂ’ ನೋಡಿ ಪಳಗಿದವರಿಗೆ ಪ್ರತಿ ಮೂರನೇ ಮಾತಿಗೂ ಜನ ಗೊಳ್ಳೆಂದು ನಗುವುದು ಕಿರಿಕಿರಿ. ಆದರೆ ಬಿಗ್ ಬ್ಯಾಂಗ್, ಟೂ ಆಂಡ್ ಎ ಹಾಫ್ ಮೆನ್, ಮಾಮ್ ಮೂರರಲ್ಲೂ ಕೇಳುವುದು ಡಬ್ಬಿಯಿಂದ ಸುರಿದ ನಗುವಲ್ಲ. ಸ್ಟುಡಿಯೋದಲ್ಲಿ ಪ್ರೇಕ್ಷಕರನ್ನು ಕೂರಿಸಿ, ನಾಲ್ಕು ಕ್ಯಾಮೆರಾ ಇಟ್ಟು, ನಾಟಕದ ಹಾಗೆ ಆಡಿಸಿ ತೆಗೆದದ್ದು. ನಗುವನ್ನು ಸಂಕಲನದಲ್ಲಿ ಹದ ಮಾಡುತ್ತಾರೆ, ಅಷ್ಟೆ. ಒಂದು ಮಾತಿಗೆ ಜನ ನಗದಿದ್ದರೆ ಬರಹಗಾರರು ಅಲ್ಲೇ ಬೇರೆ ಮಾತು ಬರೆದುಕೊಡುತ್ತಾರೆ, ಮತ್ತೊಂದು ಟೇಕ್ ಆಗುತ್ತದೆ. ತೆಂಕುತಿಟ್ಟಿನ ಹಾಸ್ಯಗಾರ ಸಭೆಯ ನಗು ಇಳಿಯುವವರೆಗೆ ಮುಂದಿನ ಮಾತನ್ನು ತಡೆದಿಟ್ಟುಕೊಳ್ಳುವ ಹಾಗೆ, ಇಲ್ಲಿನ ನಟರೂ ನಗುವಿಗೆ ಜಾಗ ಬಿಟ್ಟೇ ಮಾತಾಡುತ್ತಾರೆ. ಹಾಗಾಗಿ ನಗುವನ್ನು ಅಳಿಸಿ ಹಾಕಿದ ತುಣುಕುಗಳನ್ನು ಯೂಟ್ಯೂಬಿನಲ್ಲಿ ನೋಡಿ ‘ಇದರಲ್ಲಿ ಎಂತ ಹಾಸ್ಯ’ ಎನ್ನುವುದು ನ್ಯಾಯವಲ್ಲ. ಬಿಟ್ಟ ಜಾಗ ಖಾಲಿ ಉಳಿದರೆ ಯಾವ ನಟನೂ ಪೆದ್ದನಾಗಿ ಕಾಣುತ್ತಾನೆ. ಇಷ್ಟು ಗೊತ್ತಿದ್ದೂ ಆ ಸದ್ದು ಆಗದವರು ನೇರವಾಗಿ ‘ಯಂಗ್ ಶೆಲ್ಡನ್’ ಅಥವಾ ‘ದ ಕೊಮಿನ್ಸ್ಕಿ ಮೆಥಡ್’ಗೆ ಹೋಗಬಹುದು. ಎರಡೂ ಸಿನಿಮಾದಂತೆ ತೆಗೆದವು, ನಗುವಿನ ಸದ್ದು ಇಲ್ಲ.

ಬಿಗ್ ಬ್ಯಾಂಗ್ 2007ರ ಸೆಪ್ಟೆಂಬರ್‌ನಿಂದ 2019ರ ಮೇವರೆಗೆ ಸಿಬಿಎಸ್ ಚಾನೆಲ್‌ನಲ್ಲಿ ಬಂತು. ಲೋರಿ ಜೊತೆ ಇದನ್ನು ಕಟ್ಟಿದವರು ಬಿಲ್ ಪ್ರೇಡಿ. ಭೌತವಿಜ್ಞಾನಿ ಶೆಲ್ಡನ್, ಹೋವರ್ಡ್, ರಾಜ್ ಮೊದಲಾದ ಅವನ ಗೆಳೆಯರು, ಎದುರು ಮನೆಯ ಹುಡುಗಿ ಪೆನ್ನಿ, ಇವರ ಕಥೆ ಇದು. ಮೊದಲು ತೆಗೆದ ಪೈಲಟ್ (ಪರೀಕ್ಷೆಯ ಕಂತು) ಪ್ರಸಾರವೇ ಆಗಲಿಲ್ಲ. ಅದರಲ್ಲಿ ಪೆನ್ನಿಯ ಜಾಗದಲ್ಲಿ ಕೇಟಿ ಎಂಬ ಒರಟು ಹುಡುಗಿ ಇದ್ದಳು. ಚಾನೆಲ್ ಇನ್ನೊಮ್ಮೆ ಪ್ರಯತ್ನಿಸಲು ಹೇಳಿತು, ಆಗ ಕೇಲಿ ಕ್ವೋಕೋ ಪೆನ್ನಿಯಾಗಿ ಬಂದರು. ಆದರೂ ಮೊದಲ ಸೀಸನ್‌ನ 17 ಕಂತುಗಳಲ್ಲಿ ಪೆನ್ನಿಗೆ ಗಂಡಸರ ಮಾತು ಕೇಳಿ ಕಣ್ಣರಳಿಸುವುದು ಬಿಟ್ಟರೆ ಹೆಚ್ಚು ಕೆಲಸವಿಲ್ಲ. ಎರಡನೇ ಸೀಸನ್‌ನಲ್ಲಿ ಅವಳಿಗೂ ಶೆಲ್ಡನ್‌ಗೂ ನೇರ ಜಟಾಪಟಿ ಶುರುವಾದ ಮೇಲೆ ಧಾರಾವಾಹಿ ಎದ್ದು ನಿಲ್ಲುತ್ತದೆ.

ಒಂದೇ ಕಂತು ನೋಡಿ ತೀರ್ಮಾನಿಸುವವರು ಎರಡನೇ ಸೀಸನ್‌ನ 11ನೆಯದನ್ನು ಹಾಕಿಕೊಳ್ಳಲಿ. ಕ್ರಿಸ್‌ಮಸ್‌ಗೆ ಪೆನ್ನಿ ತನಗೆ ಉಡುಗೊರೆ ತಂದಿದ್ದಾಳೆ ಎಂದು ಶೆಲ್ಡನ್‌ಗೆ ಗೊತ್ತಾಗುತ್ತದೆ. ಉಡುಗೊರೆ ಎಂದರೆ ಅವನಿಗೆ ಸಾಲ. ಅಷ್ಟೇ ಬೆಲೆಯದ್ದು ತಿರುಗಿ ಕೊಡಬೇಕು. ಅವಳು ತಂದದ್ದರ ಬೆಲೆ ಗೊತ್ತಿಲ್ಲದ ಕಾರಣ ಸ್ನಾನದ ಸಾಮಾನಿನ ಬುಟ್ಟಿಗಳನ್ನು ಬೇರೆ ಬೇರೆ ಗಾತ್ರದಲ್ಲಿ ಕೊಂಡು ಒಳಗಿಡುತ್ತಾನೆ. ಅವಳ ಉಡುಗೊರೆ ಬಿಚ್ಚಿ ನೋಡಿ, ಹೊಟ್ಟೆ ಸರಿಯಿಲ್ಲವೆಂದು ನೆಪ ಹೇಳಿ ಒಳಗೆ ಹೋಗಿ, ಸರಿಹೊಂದುವ ಬುಟ್ಟಿ ತರುವುದು, ಉಳಿದದ್ದನ್ನು ಅಂಗಡಿಗೆ ಮರಳಿಸುವುದು ಅವನ ಯೋಜನೆ. ಅವಳು ಕೊಡುವುದು ಒಂದು ನ್ಯಾಪ್ಕಿನ್. ಅವಳು ಕೆಲಸ ಮಾಡುವ ಹೋಟೆಲಿಗೆ ಬಂದ ಲಿಯೊನಾರ್ಡ್ ನಿಮೋಯ್ (‘ಸ್ಟಾರ್ ಟ್ರೆಕ್’ನ ಸ್ಪಾಕ್ ಆಗಿದ್ದ ನಟ, ಶೆಲ್ಡನ್‌ಗೆ ದೇವರ ಸಮಾನ) ಸಹಿ ಹಾಕಿ, ಬಾಯಿ ಒರೆಸಿಕೊಂಡ ನ್ಯಾಪ್ಕಿನ್. ಶೆಲ್ಡನ್ ಒಳಗೆ ಓಡಿ ಎಲ್ಲ ಬುಟ್ಟಿಗಳನ್ನೂ ಹೊತ್ತು ತರುತ್ತಾನೆ, ಅದೂ ಸಾಲದೆಂದು ಅನಿಸಿ, ಯಾರನ್ನೂ ಮುಟ್ಟದ ಆ ಮನುಷ್ಯ ಅವಳನ್ನು ಮರಗಟ್ಟಿದ ಹಾಗೆ ತಬ್ಬಿಕೊಳ್ಳುತ್ತಾನೆ. ಜಿಮ್ ಪಾರ್ಸನ್ಸ್ ಈ ಪಾತ್ರಕ್ಕೆ ಟೀವಿಯ ದೊಡ್ಡ ಪ್ರಶಸ್ತಿಯಾದ ಎಮ್ಮಿಯನ್ನು ನಾಲ್ಕು ಸಲ ಪಡೆದದ್ದು ಯಾಕೆಂದು ಆ ಎರಡು ನಿಮಿಷದಲ್ಲೇ ತಿಳಿಯುತ್ತದೆ.

ನೋಡಬೇಕಾದ ಭಾಗ 2ರಿಂದ 5ನೇ ಸೀಸನ್‌ವರೆಗೆ, ಒಟ್ಟು 94 ಕಂತು. ಕಂತಿಗೆ ಸುಮಾರು 21 ನಿಮಿಷ ಹಿಡಿದರೆ 33 ಗಂಟೆ. ಮೂರನೇ ಸೀಸನ್‌ನಲ್ಲಿ ಹೋವರ್ಡ್‌ಗೆ ಜೋಡಿಯಾಗುವ ಬರ್ನಡೆಟ್, ಅದರ ಕೊನೆಗೆ ಶೆಲ್ಡನ್‌ಗೆ ಜೋಡಿಯಾಗುವ ಏಮಿ ಬರುತ್ತಾರೆ. ನಾಲ್ಕರಲ್ಲಿ ಹೆಂಗಸರದ್ದೇ ಬೇರೆ ಕೂಟವಾಗಿ ಕಥೆಗೆ ಎರಡನೇ ಎಂಜಿನ್ ಸಿಗುತ್ತದೆ. ಐದನೆಯದರ ಕೊನೆಗೆ ಹೋವರ್ಡ್ ಮದುವೆಯಾಗಿ ಅಂತರಿಕ್ಷಕ್ಕೆ ಹಾರುತ್ತಾನೆ, ನಿಲ್ಲಿಸಲು ಒಳ್ಳೆಯ ಜಾಗ. ಮುಂದಿನ ಏಳು ಸೀಸನ್‌ಗಳಲ್ಲಿ ಜೋಡಿಗಳೆಲ್ಲ ಕೂಡಿಬಿಟ್ಟ ಕಾರಣ ಜಗಳಕ್ಕೆ ಕಾರಣ ಹುಡುಕಬೇಕಾಗಿ ಬಂತು. ಕೊನೆಯ ಕಂತನ್ನು ಮಾತ್ರ ತಪ್ಪಿಸಬೇಡಿ. ಹನ್ನೆರಡು ಸೀಸನ್ ಕೆಟ್ಟು ನಿಂತಿದ್ದ ಲಿಫ್ಟ್ ಅದರಲ್ಲಿ ಸರಿಯಾಗುತ್ತದೆ. ಆ ಲಿಫ್ಟ್ ಕೆಟ್ಟದ್ದು ಹೇಗೆಂದು ಮೂರನೇ ಸೀಸನ್‌ನ 22ನೇ ಕಂತಿನಲ್ಲಿ ಉಂಟು, ಅದನ್ನು ಮೊದಲು ನೋಡಿ.

ಹಿನ್ನೆಲೆಯ ಬೋರ್ಡುಗಳಲ್ಲಿ ಬರೆದ ಸಮೀಕರಣಗಳು ಅಲಂಕಾರಕ್ಕೆ ಗೀಚಿದ್ದಲ್ಲ. ಯುಸಿಎಲ್‌ಎ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಡೇವಿಡ್ ಸಾಲ್ಟ್ಸ್‌ಬರ್ಗ್ ಕೊಟ್ಟದ್ದು. ಇಂತಹ ಶ್ರದ್ಧೆಯಲ್ಲಿ ಹತ್ತರಲ್ಲೊಂದು ಪಾಲನ್ನು ರಾಜ್ ಕೂತ್ರಪಾಲಿಗೂ ಕೊಡಬಹುದಿತ್ತು. ಹೆಸರು ದಕ್ಷಿಣದ್ದು, ಅಪ್ಪ ಅಮ್ಮ ದೆಹಲಿಯಲ್ಲಿ, ಹಬ್ಬ ಊಟ ಮಾತು ಯಾವ ಊರಿನದ್ದೂ ಅಲ್ಲ. ಕುಡಿಯದೆ ಹೆಂಗಸರ ಹತ್ತಿರ ಮಾತಾಡಲಾರ ಎಂಬ ಒಂದೇ ಹಾಸ್ಯವನ್ನು ಆರು ಸೀಸನ್ ಎಳೆದಿದ್ದಾರೆ. ಕುನಾಲ್ ನಯ್ಯರ್ ಒಳ್ಳೆಯ ನಟ, ಪಾತ್ರ ದಂಡ.

ಹಾಗಾದರೆ ಲೋರಿಯ ಅತ್ಯುತ್ತಮ ಕೆಲಸ ಯಾವುದು? ‘ಮಾಮ್’. ಬಿಗ್ ಬ್ಯಾಂಗ್‌ನಷ್ಟು ಹೆಸರು ಮಾಡಲಿಲ್ಲ, ನಮ್ಮ ಕಡೆ ನೋಡಿದವರೂ ಕಡಿಮೆ. 2013ರಿಂದ 2021ರವರೆಗೆ ಎಂಟು ಸೀಸನ್. ತಾಯಿ ಬಾನಿ, ಮಗಳು ಕ್ರಿಸ್ಟಿ, ಇಬ್ಬರೂ ಕುಡಿತ ಬಿಟ್ಟು ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟಕ್ಕೆ ಹೋಗುವವರು. ಬಾನಿಯ ಪಾತ್ರಕ್ಕೆ ಆಲಿಸನ್ ಜ್ಯಾನಿಗೆ 2014, 2015ರಲ್ಲಿ ಎಮ್ಮಿ ಬಂತು.

ಇದರ ಮೊದಲ ಸೀಸನ್ ಅಸ್ತವ್ಯಸ್ತ. ಕ್ರಿಸ್ಟಿ ಕೆಲಸ ಮಾಡುವ ರೆಸ್ಟೋರೆಂಟು, ಅಲ್ಲಿನ ಬಾಣಸಿಗ, ಮ್ಯಾನೇಜರ್ ಜೊತೆಗಿನ ಸಂಬಂಧ, ಬಸುರಿಯಾದ ಹದಿಹರೆಯದ ಮಗಳು, ಚಿಕ್ಕ ಮಗ, ಮಾಜಿ ಗಂಡ, ಇಪ್ಪತ್ತೊಂದು ನಿಮಿಷಕ್ಕೆ ಇಷ್ಟು ಹೇರಿದರೆ ಯಾವುದಕ್ಕೂ ಉಸಿರಾಡಲು ಆಗುವುದಿಲ್ಲ. ಎರಡನೇ ಸೀಸನ್‌ನಿಂದ ಬರಹಗಾರರು ಒಂದೊಂದನ್ನೇ ಕಳಚುತ್ತಾ ಬಂದರು. ರೆಸ್ಟೋರೆಂಟು ಹಿಂದೆ ಸರಿಯಿತು, ಮಕ್ಕಳೂ ಕ್ರಮೇಣ ಕಾಣೆಯಾದರು (ಇದು ಸ್ವಲ್ಪ ನಾಚಿಕೆಗೇಡು, ಕೇಳುವವರೇ ಇಲ್ಲ ಎಂಬಂತೆ), ಕೂಟದ ಹೆಂಗಸರು ಮುಂದೆ ಬಂದರು. ಅಲ್ಲಿಗೆ ಧಾರಾವಾಹಿಯ ಬೆನ್ನುಮೂಳೆ ಸಿಕ್ಕಿತು.

ಇದು ಹಾಸ್ಯದ ಹೆಸರಲ್ಲಿ ಕುಡಿತವನ್ನು ಹಗುರ ಮಾಡುವುದಿಲ್ಲ. ಎರಡನೇ ಸೀಸನ್ ಶುರುವಿಗೇ ಕ್ರಿಸ್ಟಿ ಮನೆ ಬಾಡಿಗೆಯ ಹಣವನ್ನು ಜೂಜಿನಲ್ಲಿ ಕಳೆದು ಎಲ್ಲರೂ ಬೀದಿಗೆ ಬೀಳುತ್ತಾರೆ. ಅದೇ ಸೀಸನ್‌ನಲ್ಲಿ ಬೆನ್ನುನೋವಿನ ಮಾತ್ರೆಯಿಂದ ಬಾನಿ ಮತ್ತೆ ಚಟಕ್ಕೆ ಜಾರುತ್ತಾಳೆ. ಮೂರನೆಯದರಲ್ಲಿ ಕ್ರಿಸ್ಟಿ ಕೈಹಿಡಿದು ನಡೆಸುತ್ತಿದ್ದ ಜೋಡಿ ಎಂಬ ಹುಡುಗಿ ಮಾದಕ ವಸ್ತುವಿಗೆ ಬಲಿಯಾಗುತ್ತಾಳೆ, ಕಥೆ ಅವಳನ್ನು ಉಳಿಸುವುದಿಲ್ಲ. ಮದ್ಯವರ್ಜನ ಶಿಬಿರಗಳನ್ನು ಹತ್ತಿರದಿಂದ ಕಂಡ ಮಂಜೇಶ್ವರ, ಬದಿಯಡ್ಕ ಕಡೆಯವರಿಗೆ ಕುರ್ಚಿ ಹಾಕಿ ಕೂತು ಒಬ್ಬೊಬ್ಬರೇ ಮಾತಾಡುವ ಆ ದೃಶ್ಯಗಳು ಹೊಸತೆನಿಸವು. ಹೊಸತು ಎಂದರೆ ಅಲ್ಲಿಯೇ ನಗು ಹುಟ್ಟುವುದು, ಅದೂ ಮಾತಾಡುವವರ ಮರ್ಯಾದೆ ತೆಗೆಯದೆ. 2ರಿಂದ 6ನೇ ಸೀಸನ್ ನೋಡಿ. ಎಂಟನೆಯದಕ್ಕೆ ಮೊದಲೇ ಕ್ರಿಸ್ಟಿಯಾಗಿದ್ದ ಆನಾ ಫ್ಯಾರಿಸ್ ಬಿಟ್ಟುಹೋದರು. ತಾಯಿ ಮಗಳ ಕಥೆಯಲ್ಲಿ ಮಗಳೇ ಇಲ್ಲದಿದ್ದರೆ ಉಳಿಯುವುದೆಷ್ಟು?

‘ಟೂ ಆಂಡ್ ಎ ಹಾಫ್ ಮೆನ್’ ಚಾವಡಿಯಲ್ಲಿ ಹಿರಿಯರು ಮಕ್ಕಳೆಲ್ಲ ಕೂತಿರುವಾಗ ಹಾಕುವ ಧಾರಾವಾಹಿ ಅಲ್ಲ. ಜಾಹೀರಾತಿಗೆ ಹಾಡು ಕಟ್ಟಿ ದುಡ್ಡು ಮಾಡಿದ ಚಾರ್ಲಿ, ಹೆಂಡತಿ ಹೊರಹಾಕಿದ ಮೇಲೆ ಅವನ ಮನೆಯಲ್ಲಿ ಬೀಡುಬಿಟ್ಟ ತಮ್ಮ ಆಲನ್, ತಮ್ಮನ ಮಗ ಜೇಕ್. ತಂತ್ರದ ದೃಷ್ಟಿಯಿಂದ ಲೋರಿಯ ಅತ್ಯಂತ ಬಿಗಿಯಾದ ಕೆಲಸ ಇದು, ಮುಖ್ಯವಾಗಿ ಮೊದಲ ಐದು ಸೀಸನ್. ಮನೆಗೆಲಸದ ಬರ್ಟಾ (ಕಾನ್ಚಾಟಾ ಫೆರಲ್) ಬಾಗಿಲಿನಿಂದ ಬಂದು ಒಂದೇ ಮಾತು ಹೇಳಿ ಹೋಗುವ ಕ್ರಮವನ್ನು ನಾಟಕ ಬರೆಯುವವರು ಕೂತು ಗಮನಿಸಬೇಕು. 2011ರಲ್ಲಿ ಚಾರ್ಲಿಯ ಪಾತ್ರ ಮಾಡುತ್ತಿದ್ದ ಚಾರ್ಲಿ ಶೀನ್‌ನನ್ನು ಲೋರಿ ಜೊತೆಗಿನ ಜಗಳದ ಬಳಿಕ ತೆಗೆದುಹಾಕಿದರು, ಎಂಟನೇ ಸೀಸನ್ 16 ಕಂತಿಗೇ ನಿಂತಿತು. ಬಳಿಕ ಆಷ್ಟನ್ ಕಚರ್ ಬಂದು ನಾಲ್ಕು ಸೀಸನ್ ನಡೆಯಿತು. ಆದರೆ ಅಣ್ಣನ ಹಂಗಿನಲ್ಲಿರುವ ತಮ್ಮ ಎಂಬ ಗಂಟೇ ಬಿಚ್ಚಿಹೋದ ಮೇಲೆ, ಯಾರದೋ ಮನೆಯಲ್ಲಿ ಆಲನ್ ಯಾಕಿದ್ದಾನೆ ಎಂಬುದಕ್ಕೆ ಉತ್ತರ ಉಳಿಯಲಿಲ್ಲ. 2015ರ ಕೊನೆಯ ಕಂತು ಪೂರ್ತಿ ಆ ಹಳೇ ಜಗಳದ ತೀರುವಳಿ. ಕೊನೆಗೆ ಪಿಯಾನೋ ಬೀಳುವುದು ಸ್ವತಃ ಲೋರಿಯ ತಲೆಗೇ.

ಗಡಿನಾಡಿನ ಕನ್ನಡಿಗರಿಗೆ ಹೆಚ್ಚು ಹತ್ತಿರವಾಗುವುದು ‘ಬಾಬ್ ಹಾರ್ಟ್ಸ್ ಅಬಿಶೋಲಾ’ (2019–2024). ಡೆಟ್ರಾಯಿಟ್‌ನಲ್ಲಿ ಕಾಲುಚೀಲದ ಕಂಪನಿ ನಡೆಸುವ ಬಾಬ್, ಅವನ ಮನಸ್ಸು ಸೆಳೆದ ನೈಜೀರಿಯಾದ ಆಸ್ಪತ್ರೆ ನರ್ಸ್ ಅಬಿಶೋಲಾ. ಅವಳ ಮನೆಯಲ್ಲಿ ಹಿರಿಯರ ಮಾತು ಯೊರೂಬಾ, ಕೆಲಸದಲ್ಲಿ ಇಂಗ್ಲಿಷ್, ಕೇಳುವವರು ಬದಲಾದಂತೆ ಮಾತೂ ಬದಲಾಗುತ್ತದೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪಂಚಾಯತ್ ಕಚೇರಿಯಲ್ಲಿ ಮಲಯಾಳ ಆಡಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಗ ಡೆಲೆ ಡಾಕ್ಟರೇ ಆಗಬೇಕೆಂಬ ಅಮ್ಮನ ಹಠ, ಅವನಿಗೆ ಕುಣಿತದ ಹುಚ್ಚು. ಹೊರದೇಶದಿಂದ ಬಂದವರನ್ನು ಇಲ್ಲಿ ಗೇಲಿಗೆ ಇಟ್ಟಿಲ್ಲ, ಯಾಕೆಂದರೆ ಸೃಷ್ಟಿಕರ್ತರಲ್ಲಿ ಒಬ್ಬರಾದ ಜೀನಾ ಯಾಶೆರೆ ನೈಜೀರಿಯಾ ಮೂಲದವರೇ. ರಾಜ್ ಪಾತ್ರದಲ್ಲಿ ತಪ್ಪಿದ್ದು ಇಲ್ಲಿ ಸರಿಯಾಗಿದೆ. ಮೊದಲ ಮೂರು ಸೀಸನ್ ಸಾಕು. ಐದನೆಯದಕ್ಕೆ ಬರುವಾಗ ಕಂತು 13ಕ್ಕೆ ಇಳಿದಿತ್ತು, ಪೋಷಕ ನಟರೆಲ್ಲ ಆಗೊಮ್ಮೆ ಈಗೊಮ್ಮೆ ಬರುವವರಾಗಿದ್ದರು.

‘ಕೊಮಿನ್ಸ್ಕಿ ಮೆಥಡ್’ ನೆಟ್‌ಫ್ಲಿಕ್ಸ್‌ನ ಸ್ವಂತದ್ದು, ಮೂರು ಸೀಸನ್ ಸೇರಿ 22 ಕಂತು. ನಟನೆ ಕಲಿಸುವ ಮುದುಕ ಮೈಕೆಲ್ ಡಗ್ಲಸ್, ಅವನ ಏಜೆಂಟ್ ಆಲನ್ ಆರ್ಕಿನ್. ಮೊದಲ ಕಂತಿನಲ್ಲೇ ಏಜೆಂಟನ ಹೆಂಡತಿ ತೀರಿಕೊಳ್ಳುತ್ತಾಳೆ. ಆಮೇಲಿನ ಹಾಸ್ಯವೆಲ್ಲ ಮೂತ್ರಕೋಶ, ಮರೆವು, ಶವಸಂಸ್ಕಾರದ ಸುತ್ತ. ಮೂರನೆಯದರಲ್ಲಿ ಆರ್ಕಿನ್ ಇಲ್ಲ, ಆ ಕೊರತೆ ತುಂಬುವುದಿಲ್ಲ. ಶೆಲ್ಡನ್‌ನ ಬಾಲ್ಯದ ಕಥೆಯಾದ ‘ಯಂಗ್ ಶೆಲ್ಡನ್’ ಇಡೀ ಮನೆಗೆ ಹೇಳಿಸಿದ್ದು. ಬಿಗ್ ಬ್ಯಾಂಗ್‌ನಲ್ಲಿ ಶೆಲ್ಡನ್‌ನ ಅಮ್ಮನಾದ ನಟಿ ಲಾರಿ ಮೆಟ್ಕಾಫ್ ಅವರ ನಿಜಜೀವನದ ಮಗಳು ಜೋಯಿ ಪೆರಿ ಇಲ್ಲಿ ಅದೇ ಅಮ್ಮನ ಯೌವನದ ಪಾತ್ರ ಮಾಡಿದ್ದಾರೆ. ದನಿ, ಮುಖ ಎರಡೂ ಹೊಂದುತ್ತದೆ. 2024ರ ಕೊನೆಯ ಸೀಸನ್‌ನಲ್ಲಿ ಅಪ್ಪ ಸಾಯುತ್ತಾನೆಂಬುದು ಬಿಗ್ ಬ್ಯಾಂಗ್ ನೋಡಿದವರಿಗೆ ಮೊದಲೇ ಗೊತ್ತು, ಹಾಗಿದ್ದೂ ತಡೆಯುವುದು ಕಷ್ಟ. ‘ಧರ್ಮಾ ಆಂಡ್ ಗ್ರೆಗ್’ (1997–2002) ಮೊದಲ ಎರಡು ಸೀಸನ್ ಹಗುರಾಗಿ ಚೆನ್ನ. ‘ಡಿಸ್‌ಜಾಯಿಂಟೆಡ್’ ಬಿಟ್ಟುಬಿಡಿ.

ನೋಡುವ ಕ್ರಮದ ಬಗ್ಗೆ ಇನ್ನೆರಡು ಮಾತು. ಕೊಮಿನ್ಸ್ಕಿ ಬಿಟ್ಟು ಉಳಿದವು ಒಂದು ಆ್ಯಪ್‌ನಿಂದ ಇನ್ನೊಂದಕ್ಕೆ ಜಿಗಿಯುತ್ತಿರುತ್ತವೆ; ಚಂದಾ ಕಟ್ಟುವ ಮುಂಚೆ, ಯಾವುದು ಯಾವ ಆ್ಯಪ್‌ನಲ್ಲಿ ಉಂಟೆಂದು ತೋರಿಸುವ ಜಸ್ಟ್‌ವಾಚ್ ಜಾಲತಾಣದಲ್ಲಿ ಹೆಸರು ಹಾಕಿ ಪರೀಕ್ಷಿಸಿ. ಸಬ್‌ಟೈಟಲ್ ಇಟ್ಟರೆ ಮಾತಿನ ಕೊನೆ ನಟನ ಬಾಯಿಗಿಂತ ಮೊದಲು ಪರದೆಗೆ ಬಂದು ನಗು ಕೆಡುತ್ತದೆ. ಟೆಕ್ಸಸ್ ಉಚ್ಚಾರದ ಯಂಗ್ ಶೆಲ್ಡನ್‌ಗೆ ಇಟ್ಟುಕೊಳ್ಳಿ, ಮಾಮ್‌ಗೆ ಮೂರ್ನಾಲ್ಕು ಕಂತು ಕಿವಿ ಪಳಗಿದ ಮೇಲೆ ತೆಗೆದು ನೋಡಿ. ನೆಟ್‌ಫ್ಲಿಕ್ಸ್ ಲೆಕ್ಕದಲ್ಲಿ ಸಾಮಾನ್ಯ ಗುಣಮಟ್ಟಕ್ಕೆ ಗಂಟೆಗೆ 1 ಜಿಬಿವರೆಗೆ, ಎಚ್‌ಡಿಗೆ 3 ಜಿಬಿವರೆಗೆ ಖರ್ಚು. ಮೊಬೈಲ್ ಡೇಟಾದಲ್ಲೇ ನೋಡುವವರಿಗೆ ಎಚ್‌ಡಿ ಬೇಡ, ಸೋಫಾ ಮತ್ತು ಅಡುಗೆಮನೆ ಬಿಟ್ಟು ಕಾಣಲು ಬೇರೇನಿಲ್ಲ.

ಪ್ರತಿ ಕಂತಿನ ಕಟ್ಟಕಡೆಗೆ ಒಂದು ಸೆಕೆಂಡು ಅಕ್ಷರ ತುಂಬಿದ ಫಲಕವೊಂದು ಮಿಂಚಿ ಹೋಗುತ್ತದೆ. ಧರ್ಮಾ ಆಂಡ್ ಗ್ರೆಗ್ ಕಾಲದಿಂದ ಲೋರಿ ಸ್ವತಃ ಬರೆಯುತ್ತಾ ಬಂದ ಟಿಪ್ಪಣಿ ಅದು: ಚಾನೆಲ್ ಮೇಲಿನ ಕೋಪ, ದೇವರ ಜೊತೆ ತಕರಾರು, ನಟರ ಬಗ್ಗೆ ಕುಟುಕು. ಕೆಲವನ್ನು ಚಾನೆಲ್ ತಡೆಹಿಡಿದದ್ದೂ ಉಂಟು. ಆ್ಯಪ್‌ಗಳು ಮುಂದಿನ ಕಂತಿಗೆ ತಾನಾಗಿ ಹಾರಿ ಇದನ್ನು ನುಂಗಿಬಿಡುತ್ತವೆ. ಸೆಟ್ಟಿಂಗ್ಸ್‌ನಲ್ಲಿ ಆಟೋಪ್ಲೇ ಆರಿಸಿ, ಫಲಕ ಬಂದಾಗ ಪರದೆ ನಿಲ್ಲಿಸಿ ಓದಿ.